33 ಬಟ್ಟೆಯ ಲೆಕ್ಕ ರಾಯಚೂರಿನಲ್ಲಿ ಕೂಡುವುದಿಲ್ಲ

ಮೊಬೈಲ್ ತೆರೆದರೆ ಈಗೊಂದು ಹೊಸ ಉಪದೇಶ ಕಾದಿರುತ್ತದೆ. ಅಲ್ಮೇರಾ ಖಾಲಿ ಮಾಡಿ. ಬಿಳಿ, ಕಪ್ಪು, ಬೂದು, ತಿಳಿ ಕಂದು, ಇಷ್ಟು ಬಣ್ಣದಲ್ಲಿ ಮೂವತ್ತು ಚಿಲ್ಲರೆ ಬಟ್ಟೆ ಇಟ್ಟುಕೊಳ್ಳಿ. ಉಳಿದದ್ದನ್ನು ಯಾರಿಗಾದರೂ ಕೊಟ್ಟುಬಿಡಿ, ಮನಸ್ಸು ಹಗುರಾಗುತ್ತೆ. ಕನ್ನಡದಲ್ಲೂ ಇದನ್ನು ಹೇಳುವವರು ಹೆಚ್ಚಾಗಿದ್ದಾರೆ. ಇಂಗ್ಲಿಷಿನಲ್ಲಿ ಮಿನಿಮಲಿಸಂ, ಕನ್ನಡದಲ್ಲಿ ಸರಳ ಬದುಕು. ಹೆಸರು ಕೇಳಿದರೆ ತಕರಾರು ಮಾಡೋಕೆ ಮನಸ್ಸೇ ಬರಲ್ಲ.

ಇದರ ಮೂಲ ಅಷ್ಟೇನೂ ಹಳೆಯದಲ್ಲ. 1970ರ ದಶಕದಲ್ಲಿ ಲಂಡನ್ನಿನ ಸೂಸಿ ಫೋ ‘ಕ್ಯಾಪ್ಸೂಲ್ ವಾರ್ಡ್‌ರೋಬ್’ ಎಂಬ ಮಾತನ್ನು ಜನಪ್ರಿಯಗೊಳಿಸಿದರು. 1985ರಲ್ಲಿ ನ್ಯೂಯಾರ್ಕಿನ ವಿನ್ಯಾಸಕಿ ಡೋನಾ ಕರನ್ ಏಳೇ ಉಡುಪುಗಳಲ್ಲಿ ಕೆಲಸಕ್ಕೆ ಹೋಗುವ ಹೆಣ್ಣಿನ ವಾರ ಮುಗಿಸಬಹುದೆಂದು ತೋರಿಸಿದರು. (ಇಬ್ಬರೂ ಬಟ್ಟೆ ಮಾರುವವರೇ ಆಗಿದ್ದರು ಅನ್ನೋದನ್ನು ಮರೆಯಬೇಡಿ.) 2010ರಲ್ಲಿ ಅಮೆರಿಕದ ಕೋರ್ಟ್ನಿ ಕಾರ್ವರ್ ‘ಪ್ರಾಜೆಕ್ಟ್ 333’ ಶುರು ಮಾಡಿದರು: ಮೂರು ತಿಂಗಳು, 33 ವಸ್ತು. ಚಪ್ಪಲಿ, ಬ್ಯಾಗು, ಸರ ಕೂಡ ಅದರೊಳಗೇ ಬರಬೇಕು. ಒಳ ಉಡುಪು, ರಾತ್ರಿ ಬಟ್ಟೆ, ಮನೆಯಲ್ಲಿ ಹಾಕುವ ಬಟ್ಟೆಯಂಥವಕ್ಕೆ ವಿನಾಯಿತಿ.

ಎಂಜಿನಿಯರಿಂಗ್ ಓದುವಾಗ ನನ್ನ ತಲೆಗೆ ಹತ್ತಿದ ಕೆಲವೇ ಸಂಗತಿಗಳಲ್ಲಿ ಒಂದು ದಾಸ್ತಾನಿನ ಲೆಕ್ಕ. ಎಷ್ಟು ಸರಕು ಇಟ್ಟುಕೊಳ್ಳಬೇಕು ಅನ್ನೋದು ನಿಮ್ಮ ಆಸೆಯನ್ನು ಅವಲಂಬಿಸಿಲ್ಲ. ದಿನಕ್ಕೆ ಎಷ್ಟು ಖರ್ಚಾಗುತ್ತೆ, ಖಾಲಿಯಾದದ್ದು ಎಷ್ಟು ದಿನಕ್ಕೆ ತುಂಬುತ್ತೆ, ನಡುವೆ ಏನೇನು ಕೈಕೊಡಬಹುದು, ಈ ಮೂರರ ಮೇಲೆ ಅದು ನಿಂತಿದೆ. ಬಟ್ಟೆಗೂ ಇದೇ ಲೆಕ್ಕ. ತುಂಬುವುದು ಅಂದರೆ ಇಲ್ಲಿ ಒಗೆದು, ಒಣಗಿಸಿ, ಮತ್ತೆ ಹಾಕುವಂತೆ ಮಾಡಿಕೊಳ್ಳುವುದು. ನಲ್ಲಿಯಲ್ಲಿ ಸದಾ ನೀರು, ಮನೆಯಲ್ಲಿ ವಾಷಿಂಗ್ ಮಷಿನ್, ಬೆವರು ಬರದ ಹವೆ ಇದ್ದಲ್ಲಿ ಏಳು ಉಡುಪು ಸಾಕಾದೀತು.

ಈಗ ರಾಯಚೂರಿಗೆ ಬನ್ನಿ. ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ಇಲ್ಲಿ ಸುದ್ದಿಯೇ ಅಲ್ಲ. ಬೆಳಿಗ್ಗೆ ಹಾಕಿದ ಅಂಗಿ ಮಧ್ಯಾಹ್ನದ ಹೊತ್ತಿಗೆ ಬೆನ್ನ ಮೇಲೆ ಉಪ್ಪಿನ ಗೆರೆ ಬಿಟ್ಟಿರುತ್ತೆ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ ಹರಿದರೂ ನಗರದ ಎಷ್ಟೋ ಬಡಾವಣೆಗಳಲ್ಲಿ ನಲ್ಲಿ ನೀರಿಗೆ ದಿನ ಎಣಿಸಬೇಕು. 2022ರಲ್ಲಿ ಇದೇ ನಗರದಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಕುಡಿಯುವ ನೀರಿನ ಗತಿಯೇ ಹೀಗಿದ್ದ ಊರಲ್ಲಿ ಬಟ್ಟೆ ಒಗೆಯುವ ನೀರಿನ ಬಗ್ಗೆ ಕೇಳುವುದೇ ಬೇಡ. ಬೋರ್‌ವೆಲ್ಲಿನ ಗಡಸು ನೀರಿಗೆ ಸೋಪಿನ ನೊರೆ ಏಳಲ್ಲ. ಬಿಳಿ ಅಂಗಿ ನಾಲ್ಕು ಒಗೆತಕ್ಕೆ ಹಳದಿಗೆ ತಿರುಗುತ್ತೆ. 1,720 ಮೆಗಾವ್ಯಾಟಿನ ಉಷ್ಣ ವಿದ್ಯುತ್ ಸ್ಥಾವರ ಇರುವ ಶಕ್ತಿನಗರದ ಕಡೆಯವರನ್ನು ಕೇಳಿ, ಹಗ್ಗದ ಮೇಲೆ ಹರವಿದ ಬಟ್ಟೆಗೆ ಬೂದಿ ಹೇಗೆ ಕೂರುತ್ತೆ ಅಂತ ಹೇಳುತ್ತಾರೆ. ಬಿಳಿ, ತಿಳಿ ಕಂದು ಹಾಕಿ ಅನ್ನುವ ರೀಲಿನವರು ಒಂದು ವಾರ ಇಲ್ಲಿದ್ದು ಹೋಗಲಿ. ನಮ್ಮ ಕಡೆ ಗಾಢ ಬಣ್ಣ, ಒತ್ತೊತ್ತಾದ ಹೂವಿನ ಪ್ರಿಂಟು ಇಷ್ಟಪಡುವುದು ಅಭಿರುಚಿ ಇಲ್ಲದ್ದಕ್ಕಲ್ಲ. ಅದು ಧೂಳು ತಡೆಯುತ್ತೆ, ಕಲೆ ಮುಚ್ಚುತ್ತೆ.

ಒಂದು ಸಣ್ಣ ಲೆಕ್ಕ ಮಾಡೋಣ. ರಾಯಚೂರಿನಿಂದ ದೇವದುರ್ಗದ ಕಡೆಯ ಹಳ್ಳಿಯೊಂದಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಬರುವ ಶಿಕ್ಷಕಿಯೊಬ್ಬರನ್ನು ಊಹಿಸಿಕೊಳ್ಳಿ. ಬೆವರಿಗೆ, ಧೂಳಿಗೆ ಒಂದು ಜೊತೆ ಒಂದೇ ದಿನ. ಮೂರು ದಿನಕ್ಕೊಮ್ಮೆ ಒಗೆತ ಅಂದರೆ ಮೂರು ಜೊತೆ; ಅವು ಒಣಗಿ ಇಸ್ತ್ರಿಯಾಗಿ ಬರುವವರೆಗೆ ಇನ್ನು ಮೂರು. ಮಳೆಗೆ ನೆನೆದರೆ, ಮುಟ್ಟಿನ ಕಲೆಯಾದರೆ ಅಂತ ಒಂದು ಹೆಚ್ಚಿಗೆ. ಒಟ್ಟು ಏಳು ಜೊತೆ. ಸೀರೆಯಾದರೆ ಜೊತೆಗೆ ಕುಪ್ಪಸ, ಲಂಗ. ಚೂಡಿದಾರವಾದರೆ ಟಾಪು, ಪ್ಯಾಂಟು, ವೇಲು. ಹೇಗೆ ಎಣಿಸಿದರೂ 21 ಆಯಿತು. ಎರಡು ಜೊತೆ ಚಪ್ಪಲಿ, ಒಂದು ಬ್ಯಾಗು ಸೇರಿಸಿದರೆ 24. ಉಳಿದ ಒಂಬತ್ತರಲ್ಲಿ, ಅಂದರೆ ಮೂರೇ ಜೊತೆಯಲ್ಲಿ, ಮದುವೆ, ಗೃಹಪ್ರವೇಶ, ಮಣ್ಣು, ಜಾತ್ರೆ, ಗಂಡನ ಊರು ಎಲ್ಲವನ್ನೂ ಮುಗಿಸಬೇಕು. ಇವರೇನು ಶೋಕಿಯವರಲ್ಲ. ತೀರಾ ಕಟ್ಟುನಿಟ್ಟಾಗಿ ಬದುಕಿದರೂ 33 ಮೀರುತ್ತೆ. ಅಷ್ಟಾದ ಮೇಲೆ “ಎಷ್ಟೊಂದ್ ಬಟ್ಟೆ ಇಟ್ಕೊಂಡೀರಿ” ಅಂತ ಅವರಿಗೆ ಮುಜುಗರ ಹುಟ್ಟಿಸುವುದು ಯಾವ ನ್ಯಾಯ?

ಇನ್ನು ಶಿಕ್ಷಕಿ ಇಳಿಯುವ ಹಳ್ಳಿಯನ್ನೇ ನೋಡಿ. 2002ರ ನಂಜುಂಡಪ್ಪ ಸಮಿತಿ ವರದಿ ದೇವದುರ್ಗವನ್ನು ರಾಜ್ಯದ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿನಲ್ಲಿ ಇಟ್ಟಿತ್ತು. ಇವತ್ತಿಗೂ ಸುಗ್ಗಿ ಮುಗಿದ ಮೇಲೆ ಇಲ್ಲಿನ ಕುಟುಂಬಗಳು ಬೆಂಗಳೂರು, ಹೈದರಾಬಾದ್, ಪುಣೆಯ ಕಟ್ಟಡ ಕೆಲಸಕ್ಕೆ ಗುಳೆ ಹೊರಡುತ್ತವೆ. ಒಂದು ಗೊಬ್ಬರದ ಚೀಲದಲ್ಲಿ ಇಡೀ ಮನೆಯ ಅರಿಬಿ ಹಿಡಿಸುತ್ತೆ. 33ರ ಲೆಕ್ಕವನ್ನು ಇವರು ಯಾವತ್ತೋ ಸಾಧಿಸಿದ್ದಾರೆ, ಅದಕ್ಕಿಂತ ಕಡಿಮೆಯಲ್ಲೇ ಇದ್ದಾರೆ. ಇವರನ್ನು ಹಿಂಬಾಲಿಸುವವರು ಯಾರೂ ಇಲ್ಲ. ಅದೇ ಮಾಸಿದ ಹತ್ತಿ ಅಂಗಿ ಬೆಂಗಳೂರಿನ ಸ್ಟಾರ್ಟಪ್ ಮಾಲೀಕನ ಮೈಮೇಲೆ ಇದ್ದರೆ ಸಿದ್ಧಾಂತ, ಅವನ ಮನೆ ಕಟ್ಟುವವನ ಮೈಮೇಲೆ ಇದ್ದರೆ ಬಡತನ. ಕಡಿಮೆ ಇಟ್ಟುಕೊಳ್ಳೋದು ಗೌರವ ತರಬೇಕಾದರೆ ಹೆಚ್ಚು ಕೊಳ್ಳುವ ತಾಕತ್ತು ನಿಮಗಿದೆ ಅಂತ ಎದುರಿನವರಿಗೆ ಮೊದಲೇ ಗೊತ್ತಿರಬೇಕು.

ಹೊಲದಲ್ಲಿ ಹತ್ತಿ ಬಿಡಿಸುವ ಹೆಂಗಸರನ್ನು ನೋಡಿದ್ದೀರಲ್ಲ, ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ, ತಲೆಗೆ ಟವೆಲ್. ಬಿಸಿಲು, ಕಾಯಿಯ ಚೂಪು ತುದಿ, ಎಲೆ ಮೇಲಿನ ಔಷಧಿ, ಎಲ್ಲಕ್ಕೂ ಆ ಹಳೇ ಅಂಗಿಯೇ ರಕ್ಷಣೆ. ಅದನ್ನು ಬೇರೆಲ್ಲಿಗೂ ಹಾಕಿಕೊಂಡು ಹೋಗಲು ಬರುವುದಿಲ್ಲ. ವರ್ಷದಿಂದ ಮುಟ್ಟದ ಬಟ್ಟೆ ಹೊರಗೆ ಹಾಕಿ ಅನ್ನುವ ನಿಯಮದ ಪ್ರಕಾರ ಅದು ಟ್ರಂಕಿನಿಂದ ಹತ್ತಿ ಬಿಡಿಸುವ ಕಾಲಕ್ಕೆ ಮುಂಚೆಯೇ ಹೋಗಿರಬೇಕಿತ್ತು. ಇನ್ನೊಂದು ವಿಚಿತ್ರ ಇದೆ. ರಾಯಚೂರಿನ ಮಾರುಕಟ್ಟೆ ರಾಜ್ಯದ ದೊಡ್ಡ ಹತ್ತಿ ಮಾರುಕಟ್ಟೆಗಳಲ್ಲೊಂದು. ಹತ್ತಿ ಬೆಳೆದವರ, ಬಿಡಿಸಿದವರ ಮೈಮೇಲೆ ಇರುವುದು ಮಾತ್ರ ಹೆಚ್ಚಾಗಿ ಪಾಲಿಯೆಸ್ಟರ್. ನೈಸರ್ಗಿಕ ನೂಲನ್ನೇ ಉಡಿ ಅನ್ನುವುದು ಸುಲಭ. ಪಾಲಿಯೆಸ್ಟರ್ ಸೀರೆ ಅಗ್ಗ, ಅರ್ಧ ಗಂಟೆಯಲ್ಲಿ ಒಣಗುತ್ತೆ, ಇಸ್ತ್ರಿ ಬೇಡ, ಕಡಿಮೆ ನೀರಿಗೆ ಕೊಳೆ ಬಿಡುತ್ತೆ. ಸೆಕೆಯನ್ನು ಸಹಿಸಿಕೊಂಡು ಸಮಯ ಉಳಿಸಿಕೊಳ್ಳುವ ಲೆಕ್ಕ ಅದು.

ದುಡ್ಡಿನ ಮಾತಿಗೆ ಬರೋಣ. ಕೇಂದ್ರ ಸರ್ಕಾರದ 2023-24ರ ಗೃಹ ಬಳಕೆ ವೆಚ್ಚ ಸಮೀಕ್ಷೆಯಂತೆ ಗ್ರಾಮೀಣ ಭಾರತದಲ್ಲಿ ಒಬ್ಬರ ತಿಂಗಳ ಸರಾಸರಿ ವೆಚ್ಚ 4,122 ರೂಪಾಯಿ. ಅದರಲ್ಲಿ ಬಟ್ಟೆ, ಹಾಸಿಗೆ, ಚಪ್ಪಲಿ ಮೂರೂ ಸೇರಿ ಶೇ 7ಕ್ಕಿಂತ ಕಡಿಮೆ. ಅಂದರೆ ಹೆಚ್ಚೂಕಡಿಮೆ 270 ರೂಪಾಯಿ. ಇದು ದೇಶದ ಸರಾಸರಿ. ದೇವದುರ್ಗದ ಕೂಲಿಕಾರರದ್ದು ಇನ್ನೆಷ್ಟು ಕಡಿಮೆ ಇರಬಹುದೋ ನೀವೇ ಅಂದಾಜು ಮಾಡಿ. “ಹತ್ತು ಅಗ್ಗದ್ದು ಕೊಳ್ಳುವ ಬದಲು ಒಂದು ಒಳ್ಳೇದು ಕೊಳ್ಳಿ” ಅನ್ನುವ ಬುದ್ಧಿಮಾತು ಇಲ್ಲಿ ಎಡವುತ್ತೆ. ಆ ಒಂದು ಒಳ್ಳೇದಕ್ಕೆ ಒಟ್ಟಿಗೇ ಕೊಡಬೇಕಾದ ದುಡ್ಡು ಕೈಯಲ್ಲಿ ಇರಲ್ಲ. ಸಂತೆಯಲ್ಲಿ ಇನ್ನೂರು, ಮುನ್ನೂರಕ್ಕೆ ಸಿಗೋದನ್ನು ಆಗಾಗ ಕೊಳ್ಳಬಹುದು. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಸಿದ್ಧ ಉಡುಪಿಗೆ ಜಿಎಸ್‌ಟಿ ಶೇ 5, ಅದಕ್ಕೂ ಮೇಲಿನದಕ್ಕೆ ಶೇ 18. ಬಾಳಿಕೆಯದ್ದು ಬೇಕೆಂದರೆ ತೆರಿಗೆಯೂ ಜಾಸ್ತಿ.

ಸರಳತೆಯ ಮಾತು ಬಂದರೆ ಗಾಂಧಿ ಬಂದೇ ಬರುತ್ತಾರೆ. 1921ರ ಸೆಪ್ಟೆಂಬರ್‌ನಲ್ಲಿ ಮಧುರೈಯಲ್ಲಿ ಅವರು ತುಂಡು ಪಂಚೆಗೆ ಇಳಿದದ್ದನ್ನು ಎಲ್ಲರೂ ನೆನೆಯುತ್ತಾರೆ. ಅದಕ್ಕೂ ಮುಂಚಿನ ಚಂಪಾರಣ್‌ದ ಪ್ರಸಂಗವೊಂದನ್ನು ಅವರೇ ಆತ್ಮಕಥೆಯಲ್ಲಿ ಬರೆದಿದ್ದಾರೆ. ಹೆಂಗಸರು ಬಟ್ಟೆ ಯಾಕೆ ಒಗೆಯುವುದಿಲ್ಲ ಎಂದು ಕಸ್ತೂರಬಾ ವಿಚಾರಿಸಿದಾಗ, ಒಬ್ಬಾಕೆ ಗುಡಿಸಲೊಳಗೆ ಕರೆದೊಯ್ದು ತೋರಿಸಿದಳು: ಪೆಟ್ಟಿಗೆ ಇಲ್ಲ, ಕಪಾಟು ಇಲ್ಲ, ಮೈಮೇಲಿನದು ಬಿಟ್ಟರೆ ಎರಡನೇ ಸೀರೆಯೇ ಇಲ್ಲ. ಕೊಳೆ ಅಂತ ಕಂಡದ್ದು ಸೀರೆಯ ಕೊರತೆಯಾಗಿತ್ತು.

ಅಂಬೇಡ್ಕರ್ ಇದನ್ನು ಬೇರೆ ಕಡೆಯಿಂದ ಕಂಡರು. 1927ರ ಡಿಸೆಂಬರ್‌ನಲ್ಲಿ ಮಹಾಡ್‌ನಲ್ಲಿ ದಲಿತ ಹೆಂಗಸರ ಜೊತೆ ಮಾತಾಡುವಾಗ, ಮೇಲ್ಜಾತಿಯವರಂತೆ ಸೀರೆ ಉಡಿ, ಜಾತಿಯ ಗುರುತು ಹೊರಿಸುವ ಉಡುಗೆ ಬಿಡಿ ಎಂದರು. ಉಡುಪಿನಿಂದಲೇ ಜಾತಿ ಗುರುತಿಸುತ್ತಿದ್ದ, ಒಳ್ಳೆಯ ಬಟ್ಟೆ ಹಾಕಿದರೆ ಕೆಂಗಣ್ಣು ಬೀರುತ್ತಿದ್ದ ಸಮಾಜದಲ್ಲಿ ಇಸ್ತ್ರಿ ಮಾಡಿದ ಅಂಗಿ ಸಣ್ಣ ಮಾತಲ್ಲ. ರಾಯಚೂರಿನ ದಲಿತ ಓಣಿಯ ಹುಡುಗನೊಬ್ಬ ಮೊದಲ ಸಂಬಳದಲ್ಲಿ ಮೂರು ಜೊತೆ ಬಟ್ಟೆ ಹೊಲಿಸಿದರೆ ಅದನ್ನು ಕೊಳ್ಳುಬಾಕತನ ಅನ್ನೋಕೆ ನನಗೆ ಬಾಯಿ ಬರಲ್ಲ. ವೃತ್ತಗಳಲ್ಲಿ ನಿಂತ ನೀಲಿ ಸೂಟಿನ ಪ್ರತಿಮೆ ಅವನಿಗೆ ಹೇಳುವ ಮಾತು ರೀಲ್‌ಗಿಂತ ಬಲವಾದದ್ದು.

ಹಾಗಂತ ಅತಿ ಅನ್ನೋದು ನಮ್ಮಲ್ಲಿ ಇಲ್ಲವೇ ಇಲ್ಲ ಅಂತಲ್ಲ. ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ವರ್ಷ ಭತ್ತದ ದುಡ್ಡು ಬರುತ್ತೆ, ಭತ್ತದ ದುಡ್ಡು ಬಂದ ವರ್ಷ ಮದುವೆಯ ಜವಳಿ ಜೋರಾಗುತ್ತೆ. (ಕೊನೆ ಭಾಗಕ್ಕೆ ನೀರು ಮುಟ್ಟದ ವರ್ಷ ಏನಾಗುತ್ತೆ ಅನ್ನೋದು ಬೇರೆಯೇ ಲೇಖನ.) ಮೊಬೈಲ್ ಫೋಟೋ ಬಂದ ಮೇಲೆ ಒಂದು ಮದುವೆಗೆ ಉಟ್ಟ ಸೀರೆ ಇನ್ನೊಂದಕ್ಕೆ ಆಗಲ್ಲ ಅನ್ನುವ ಹೊಸ ಕಾಟ ಶುರುವಾಗಿದೆ. ಆನ್‌ಲೈನಿನಲ್ಲಿ ಮುನ್ನೂರರ ಸೀರೆ ಬಂದು ಎರಡು ಒಗೆತಕ್ಕೆ ಪಿಸಿಯುತ್ತೆ. ಇದಕ್ಕೆ ಕಡಿವಾಣ ಬೇಕು, ನಿಜ.

ಆದರೆ ಟ್ರಂಕಿನಲ್ಲಿ ಉಡದೇ ಇರುವ ಸೀರೆಗಳೆಲ್ಲ ಹೆಚ್ಚುವರಿ ಅಂದುಕೊಂಡರೆ ತಪ್ಪು. ಅದರಲ್ಲಿ ಅರ್ಧ ಆಯೇರಿಗೆ ಬಂದವು, ಆಯೇರಿಗೇ ಹೋಗುವವು. ನಿಮ್ಮ ಮಗಳ ಮದುವೆಗೆ ಬೀಗರ ಕಡೆಯವರು ತಂದ ಸೀರೆ ಮುಂದಿನ ವರ್ಷ ಇನ್ಯಾರದೋ ಮನೆಯ ಮದುವೆಗೆ ಹೊರಡುತ್ತೆ. ಅದು ಒಂಥರಾ ಊರಿನ ಬ್ಯಾಂಕು. ಖುಷಿ ಕೊಡದ ಸೀರೆ ಅಂತ ಇವನ್ನು ಹೊರಹಾಕಿದ ಮನೆಯವರು ಮುಂದಿನ ಮುಯ್ಯಿಗೆ ಕೈಯಿಂದ ದುಡ್ಡು ಹಾಕಿ ಹೊಸದು ತರಬೇಕು. ಸವೆದ ಹತ್ತಿ ಸೀರೆಗೆ ಕೊನೆಗೆ ಕೌದಿ ಇದೆ. ಹತ್ತು ಸೀರೆ ಕೂಡಿ ಒಂದು ಕೌದಿ, ಅದರಲ್ಲಿ ಬಾಣಂತನ, ಅದರಲ್ಲೇ ಮಗುವಿನ ನಿದ್ದೆ. ಪಾಲಿಯೆಸ್ಟರ್ ಬಂದ ಮೇಲೆ ಈ ಸರಪಳಿ ಕಡಿಯುತ್ತಿದೆ. ಅದರ ಕೌದಿ ಜಾರುತ್ತೆ, ಬೆವರು ಹೀರಲ್ಲ. ಪರಿಸರದ ಕಾಳಜಿಯಿಂದ ಮಾತಾಡುವವರು ಸೀರೆಯ ಸಂಖ್ಯೆ ಎಣಿಸುವುದನ್ನು ಬಿಟ್ಟು ಈ ನೂಲಿನ ಪ್ರಶ್ನೆ ಕೇಳಿದ್ದರೆ ನಾನೂ ಅವರ ಜೊತೆ ನಿಲ್ಲುತ್ತಿದ್ದೆ.

ಎಷ್ಟು ಬಟ್ಟೆ ಸಾಕು ಅನ್ನೋ ಚರ್ಚೆ ನಿಜವಾಗಿ ನಡೆಯಬೇಕಾದ ಜಾಗ ಇನ್‌ಸ್ಟಾಗ್ರಾಂ ಅಲ್ಲ. ಅದು ನ್ಯಾಯಾಲಯದಲ್ಲಿ ಈಗಾಗಲೇ ನಡೆದಿದೆ. ನಮ್ಮ ಪಕ್ಕದ ಕೊಪ್ಪಳ ಜಿಲ್ಲೆಯ ವಿದ್ಯಾರ್ಥಿಯೊಬ್ಬನ ಪರವಾಗಿ, ಸರ್ಕಾರಿ ಶಾಲೆಯಲ್ಲಿ ಎರಡನೇ ಜೊತೆ ಸಮವಸ್ತ್ರ ಕೊಟ್ಟಿಲ್ಲ ಎಂದು ಹೈಕೋರ್ಟಿಗೆ ಅರ್ಜಿ ಹೋಯಿತು. ಎರಡು ಜೊತೆ ಸಮವಸ್ತ್ರ, ಬೂಟು, ಕಾಲುಚೀಲ ಕೊಡಬೇಕೆಂಬುದು 2019ರಲ್ಲೇ ಇತ್ಯರ್ಥವಾಯಿತು. ಕೊಡದಿದ್ದಕ್ಕೆ ನ್ಯಾಯಾಂಗ ನಿಂದನೆ ಪ್ರಕರಣ ನಡೆದು, 2023ರ ಜನವರಿಯಲ್ಲಿ ಕೋರ್ಟು ಸರ್ಕಾರವನ್ನು ತರಾಟೆಗೆ ತೆಗೆದುಕೊಂಡಿತು. ಒಂದು ಅಂಗಿ, ಒಂದು ಚಡ್ಡಿಗಾಗಿ ಇಷ್ಟು ವರ್ಷ.

ಸಮಗ್ರ ಶಿಕ್ಷಾ ಯೋಜನೆಯಲ್ಲಿ ಎರಡು ಜೊತೆಗೆ ಕೇಂದ್ರ ಇಟ್ಟ ದರ ಒಂದು ಮಗುವಿಗೆ ವರ್ಷಕ್ಕೆ 600 ರೂಪಾಯಿ, ಅಂದರೆ ಜೊತೆಗೆ 300. ಬಟ್ಟೆ ಬಂದರೂ ಹೊಲಿಗೆ ಕೂಲಿ ಯಾರದ್ದು ಅನ್ನುವ ಪ್ರಶ್ನೆ ಪ್ರತಿ ಜೂನ್‌ನಲ್ಲಿ ಏಳುತ್ತೆ. ಮನೆಗೆ ಮೂವರು ಮಕ್ಕಳಿದ್ದರೆ ಆ ಕೂಲಿಯೇ ಒಂದೆರಡು ದಿನದ ದುಡಿಮೆ. ಒಂದೇ ಜೊತೆ ಇರುವ ಮಗು ವಾರದಲ್ಲಿ ಆರು ದಿನ ಅದನ್ನೇ ಹಾಕಬೇಕು. ರಾತ್ರಿ ಒಗೆದು ಬೆಳಿಗ್ಗೆ ಹಸಿಯನ್ನೇ ಹಾಕಬೇಕು, ಇಲ್ಲವೇ ಶಾಲೆ ತಪ್ಪಿಸಬೇಕು. ಹೈಸ್ಕೂಲಿನ ಹೆಣ್ಣುಮಗುವಾದರೆ ತಿಂಗಳಿಗೆ ಮೂರ್ನಾಲ್ಕು ದಿನದ ಆತಂಕ ಬೇರೆ. ಜೂನ್ ಒಂದಕ್ಕೆ ಎರಡೂ ಜೊತೆ, ಹೊಲಿಗೆಯ ದುಡ್ಡು ಸಮೇತ, ಮಗುವಿನ ಕೈ ಸೇರಬೇಕು ಅನ್ನೋದು ದೊಡ್ಡ ಬೇಡಿಕೆಯೇನಲ್ಲ. ದೇವದುರ್ಗ, ಮಾನ್ವಿಯ ಶಾಲಾಭಿವೃದ್ಧಿ ಸಮಿತಿಯವರು ಈ ಬೇಸಿಗೆಯಲ್ಲೇ ಬಿಇಒ ಕಚೇರಿಗೆ ಹೋಗಿ, ನಮ್ಮ ಶಾಲೆಗೆ ಎಷ್ಟು ಜೊತೆ ಬರುತ್ತೆ, ಯಾವ ತಾರೀಖಿಗೆ ಬರುತ್ತೆ ಅಂತ ಬರೆಸಿಕೊಂಡು ಬರಲಿ. ಮಳೆ ಶುರುವಾದ ಮೇಲೆ ಕೇಳಿದರೆ ದಸರಾ ರಜೆ ಬಂದಿರುತ್ತೆ.