ಖಂಡಸ್ಫುಟಿತ ಜೀರ್ಣೋದ್ಧಾರ: ಹಳೆಯ ಗಿಟಾರೊಂದರ ನೆಪದಲ್ಲಿ

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಛಂದಸ್ಸನ್ನೋ ಅಲಂಕಾರವನ್ನೋ ಕುರಿತು ನಾಲ್ಕು ಮಾತು ಬರೆದುಕೊಟ್ಟಾನೆಂದು ಅವರು ಎಣಿಸಿರಬೇಕು. ನಾನು ಬರೆಯಹೊರಟಿರುವುದು ಎಲೆಕ್ಟ್ರಿಕ್ ಗಿಟಾರನ್ನು ಕುರಿತು. ಹಳಗನ್ನಡದ ಪಾಠ ಹೇಳುತ್ತ ತಲೆ ನರೆತ ಪಂಡಿತನಿಗೆ ಈ ಪಾಶ್ಚಾತ್ಯ ವಾದ್ಯದ ಗೊಡವೆ ಏಕೆಂದು ವಾಚಕ ಮಹಾಶಯರು ನಗುವುದು ಸಹಜ. ನಕ್ಕು ಮುಗಿದ ಮೇಲೆ ದಯವಿಟ್ಟು ಮುಂದೆ ಓದಬೇಕೆಂದು ಪ್ರಾರ್ಥನೆ. ಏಕೆಂದರೆ ಗಿಟಾರಿನಿಂದ ಆರಂಭವಾಗುವ ಈ ಬರಹ ಮುಗಿಯುವುದು ನಮ್ಮ ಶಾಲೆಯ ಕಪಾಟಿನ ಮುಂದೆ.

ಕಳೆದ ದೀಪಾವಳಿಯ ರಜೆ ಮುಗಿದ ಮೇಲೆ ಒಂಬತ್ತನೆಯ ತರಗತಿಯ ಬಾಲಕನೊಬ್ಬ ಗೋಣಿತಟ್ಟಿನಲ್ಲಿ ಸುತ್ತಿದ ಏನನ್ನೋ ಹೊತ್ತುಕೊಂಡು ನನ್ನ ಕೊಠಡಿಗೆ ಬಂದ. ಅವನ ತಂದೆ ಐಗಳಿಯ ದ್ರಾಕ್ಷಿ ತೋಟದಲ್ಲಿ ದುಡಿಯುವವರು. ಅಣ್ಣ ಪುಣೆಯಲ್ಲಿ ಕೂಲಿಗಿರುವವನು. ಆ ಅಣ್ಣ ಅಲ್ಲಿಯ ಹಳೆಯ ಸಾಮಾನಿನ ಅಂಗಡಿಯಲ್ಲಿ 2,500 ರೂಪಾಯಿ ತೆತ್ತು ತಮ್ಮನಿಗಾಗಿ ತಂದ ಗಿಟಾರು ಅದು. ತಂತಿಗಳು ತುಕ್ಕು ಹಿಡಿದಿದ್ದವು. ಬಿರಡೆಗಳು ತಿರುವಿದಲ್ಲಿ ನಿಲ್ಲುತ್ತಿರಲಿಲ್ಲ. ಧ್ವನಿಯ ಗುಂಡಿಯನ್ನು ತಿರುಗಿಸಿದರೆ ಒಗ್ಗರಣೆ ಸಿಡಿದಂತೆ ಚಟಪಟ ಸದ್ದು. ದುಡಿದ ಹಣವನ್ನು ಹೊಳೆಗೆ ಹಾಕಿದಂತಾಯಿತಲ್ಲ ಎಂದು ನಾನು ಮರುಗಿದೆ. ತುಸು ಗದರಿಯೂ ಗದರಿದೆ. ಹುಡುಗ ತಲೆ ತಗ್ಗಿಸಿಯೇ ಹೇಳಿದ: "ಗುರುಗಳೇ, ಇದು ಕೆಟ್ಟಿಲ್ಲರೀ. ಇದನ್ನ ಯಾರೂ ನೆಟ್ಟಗ ನೋಡಿಲ್ಲರೀ."

ಆ ಮಾತು ನನ್ನ ಮನಸ್ಸಿಗೆ ನಾಟಿತು. ಓಲೆಗರಿಯ ಪ್ರತಿಯೊಂದು ತಪ್ಪಾಗಿ ಕಂಡಾಗ, ತಪ್ಪು ಕವಿಯದೋ ಲಿಪಿಕಾರನದೋ ಅಥವಾ ಓದುವ ನಮ್ಮದೋ ಎಂದು ಮೊದಲು ವಿಚಾರಿಸಬೇಕೆಂದು ನನ್ನ ಗುರುಗಳು ಕಲಿಸಿದ್ದರು. ಗ್ರಂಥಸಂಪಾದನೆಯ ಈ ನ್ಯಾಯವನ್ನು ವಾದ್ಯಕ್ಕೆ ಅನ್ವಯಿಸಲು ನನಗೆ ಹೊಳೆದಿರಲಿಲ್ಲ, ಹುಡುಗನಿಗೆ ಹೊಳೆದಿತ್ತು.

ಎಲೆಕ್ಟ್ರಿಕ್ ಗಿಟಾರಿನ ಒಳಗುಟ್ಟು ನಾನು ತಿಳಿದಷ್ಟು ಜಟಿಲವಲ್ಲ. ವೀಣೆಗೆ ಕೊಡ, ತಂಬೂರಿಗೆ ಬುರುಡೆ ಇರುವಂತೆ ಇದಕ್ಕೆ ನಾದವನ್ನು ಹಿಗ್ಗಿಸುವ ಟೊಳ್ಳು ಒಡಲಿಲ್ಲ. ಬಹುಮಟ್ಟಿಗೆ ಗಟ್ಟಿ ಮರದ ಹಲಗೆಯೇ ಇದರ ದೇಹ. ತಂತಿಗಳ ಕೆಳಗೆ ಪಿಕಪ್ ಎಂಬ ಅಂಗವಿದೆ. ಅದು ಅಯಸ್ಕಾಂತದ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಸುರುಳಿ. ಮೇಲಿನ ಉಕ್ಕಿನ ತಂತಿ ಕಂಪಿಸಿದಾಗ ಆ ಸುರುಳಿಯಲ್ಲಿ ಅತಿ ಸೂಕ್ಷ್ಮವಾದ ವಿದ್ಯುತ್ತು ಹುಟ್ಟುತ್ತದೆ. ಧ್ವನಿವರ್ಧಕ ಅದನ್ನು ನಾದವಾಗಿಸುತ್ತದೆ. 1831ರಲ್ಲಿ ಫ್ಯಾರಡೆ ಮಹಾಶಯನು ಕಂಡುಹಿಡಿದ ತತ್ತ್ವವೇ ಇದು. ನಮ್ಮ ಮಕ್ಕಳು ಪರೀಕ್ಷೆಗೆಂದು ಉರು ಹೊಡೆಯುವ ತತ್ತ್ವ. ಹುಡುಗ ಮೊದಲು ಹಣ ಉಳಿಸಲೆಂದು ತಂಬೂರಿಯ ಹಿತ್ತಾಳೆಯ ತಂತಿಯನ್ನು ಬಿಗಿದು ನೋಡಿದ. ಕಿವಿಯನ್ನು ಹತ್ತಿರ ತಂದರೆ ಸಣ್ಣಗೆ ಕೇಳುತ್ತದೆ. ಧ್ವನಿವರ್ಧಕ ಮಾತ್ರ ಮೂಕ. ಅಯಸ್ಕಾಂತ ಹಿತ್ತಾಳೆಯನ್ನು ಲೆಕ್ಕಿಸುವುದಿಲ್ಲವೆಂಬುದು ಅವನಿಗೆ ಅಂದು ತಿಳಿಯಿತು. ಪುಸ್ತಕದಲ್ಲಿ ಎರಡು ಸಾಲಾಗಿದ್ದ ಪಾಠ ಹೀಗೆ ಅನುಭವವಾಯಿತು.

ಅಥಣಿ, ಕಾಗವಾಡಗಳನ್ನು ದಾಟಿದರೆ ಮಿರಜ. ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ, ಖಡ್ಗಗಳಿಗೆ ಗಿರಾಕಿ ತಪ್ಪಿದ ಕಾಲಕ್ಕೆ, ಸಿತಾರು ತಂಬೂರಿಗಳ ಕಡೆಗೆ ಕೈ ಹೊರಳಿಸಿದ ಊರು ಅದು. ಫರೀದಸಾಹೇಬರಿಂದ ಮೊದಲಾದ ಆ ಪರಂಪರೆಯ ಸಿತಾರು ಹಾಗೂ ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ದೊರೆಯಿತು. ಅಲ್ಲಿಯ ವೃದ್ಧ ಕುಶಲಕರ್ಮಿಯೊಬ್ಬರ ಬಳಿಗೆ ಹುಡುಗನನ್ನು ಕರೆದೊಯ್ದೆ. ಬೆಲೆಬಾಳುವ ಹೊಸ ಪಿಕಪ್ ಹಾಕಿಸಿದರೆ ಎಲ್ಲವೂ ಸರಿಹೋದೀತೆಂದು ಇವನ ಆಸೆ. ಅವರು ಗಿಟಾರಿನ ದಂಡಿಯನ್ನು ಕಣ್ಣಿನ ನೇರಕ್ಕೆ ಹಿಡಿದು ನೋಡಿ ನಕ್ಕರು: "ಕಿವಿ ಬದಲಿಸೂದಕ್ಕಿಂತ ಮೊದಲ ಗಂಟಲಾ ನೋಡೋಣ್ರೀ."

ಅವರು ಹಾಕಿಕೊಟ್ಟ ಕ್ರಮ ಹೀಗಿತ್ತು. ಮೊದಲು ಹೊಸ ಉಕ್ಕಿನ ತಂತಿ. ಹಳೆಯ ತಂತಿಯ ಮೇಲೆ ವಾದ್ಯದ ಗುಣದೋಷ ಹೇಳಲಾಗದು. ಆಮೇಲೆ ಬಿರಡೆ, ಶ್ರುತಿ ನಿಲ್ಲದಿದ್ದರೆ ಉಳಿದ ಶ್ರಮವೆಲ್ಲ ವ್ಯರ್ಥ. ಅನಂತರ ಕುದುರೆ: ತಂತಿಯ ನಟ್ಟನಡುವೆ, ಹನ್ನೆರಡನೆಯ ಮೆಟ್ಟಿಲಿನ ಮೇಲೆ ಒತ್ತಿದಾಗ ತಾರ ಷಡ್ಜ ನುಡಿಯಬೇಕು, ಅದು ಏರಿದರೆ ಕುದುರೆಯನ್ನು ಕೂದಲೆಳೆಯಷ್ಟು ಹಿಂದಕ್ಕೆ ಸರಿಸಬೇಕು, ಇಳಿದರೆ ಮುಂದಕ್ಕೆ. ಆ ಬಳಿಕ ಒಳಗಿನ ಬೆಸುಗೆ, ಗುಂಡಿಗಳು. ಎಲ್ಲವೂ ಮುಗಿದ ಮೇಲೂ ನಾದ ಹಿಡಿಸದಿದ್ದರೆ ಮಾತ್ರ ಪಿಕಪ್ಪಿನ ಯೋಚನೆ. ಬೆಸುಗೆಯನ್ನು ನಮ್ಮ ವಿಜ್ಞಾನದ ಅಧ್ಯಾಪಕರು ಎದುರಿಗೆ ನಿಂತು ಮಾಡಿಸಿದರು. ಧ್ವನಿವರ್ಧಕದ ಪೆಟ್ಟಿಗೆಯೊಳಗೆ ಮಾತ್ರ, ಅಲ್ಲಿ ಮನೆಯ ವಿದ್ಯುತ್ತು ಹರಿಯುವುದರಿಂದ, ಹುಡುಗನ ಕೈಯಾಡಿಸಲು ಬಿಡದೆ ಬಲ್ಲವರಿಂದಲೇ ನೋಡಿಸಿದೆವು.

ಒಂದು ದೋಷ ಮಾತ್ರ ಉಳಿಯಿತು. ಮೊದಲ ನಾಲ್ಕಾರು ಮೆಟ್ಟಿಲುಗಳು ಸವೆದು ಹೋಗಿದ್ದವು. ಅವನ್ನೆಲ್ಲ ಕಿತ್ತು ಹೊಸದು ಕೂಡಿಸಲು ಗಿಟಾರಿನ ಬೆಲೆಗಿಂತ ಹೆಚ್ಚು ಖರ್ಚು. ಆಗ ಆ ಹಿರಿಯರು ಒಂದು ಉಪಾಯ ಹೇಳಿದರು: ದಂಡಿಯ ತುದಿಯಲ್ಲಿ ಹಿತ್ತಾಳೆಯ ಎತ್ತರದ ಪಟ್ಟಿಯೊಂದನ್ನು ಕೂಡಿಸಿ ತಂತಿಗಳನ್ನು ಮೆಟ್ಟಿಲುಗಳಿಂದ ಮೇಲಕ್ಕೆತ್ತುವುದು, ಗಿಟಾರನ್ನು ತೊಡೆಯ ಮೇಲೆ ಅಂಗಾತ ಇಟ್ಟು, ತಂತಿಯ ಮೇಲೆ ಉಕ್ಕಿನ ಸರಳು ಜಾರಿಸಿ ನುಡಿಸುವುದು. ಸರಳು ಜಾರುವಲ್ಲಿ ಮೆಟ್ಟಿಲಿನ ಹಂಗಿಲ್ಲ. ನಮ್ಮ ಸಂಗೀತ ಬಯಸುವ ಮೀಂಡು ತಾನಾಗಿ ಒದಗುತ್ತದೆ. ದೋಷವಾಗಿದ್ದುದೇ ಗುಣಕ್ಕೆ ದಾರಿಯಾಯಿತು. ತಂತಿ, ಬಿರಡೆ, ಗುಂಡಿ, ಪಟ್ಟಿ, ಮಜೂರಿ ಎಲ್ಲ ಸೇರಿ ತಗುಲಿದ ವೆಚ್ಚ 1,650 ರೂಪಾಯಿ. ಪಿಕಪ್ ಬದಲಿಸುವ ಪ್ರಸಂಗವೇ ಬರಲಿಲ್ಲ.

ಪರದೇಶದ ವಾದ್ಯವನ್ನು ಹೀಗೆ ತಿದ್ದಿಕೊಳ್ಳಬಹುದೇ ಎಂದು ಕೇಳುವವರುಂಟು. ನಮ್ಮ ಹಿರಿಯರು ಮಾಡಿದ್ದೇ ಇದನ್ನು. ಪಿಟೀಲು ಐರೋಪ್ಯರಿಂದ ಬಂದದ್ದು; ಮೈಸೂರಿನ ಟಿ. ಚೌಡಯ್ಯನವರು ಧ್ವನಿವರ್ಧಕವಿಲ್ಲದ ಸಭೆಯಲ್ಲಿ ಕೊನೆಯ ಸಾಲಿಗೂ ಕೇಳಲೆಂದು ಅದಕ್ಕೆ ಮೂರು ತಂತಿ ಕೂಡಿಸಿ ಏಳು ತಂತಿಯ ಪಿಟೀಲನ್ನಾಗಿಸಿದರು. ನಮ್ಮ ನೆರೆಯ ಸಾಂಗಲಿಯ ಕೃಷ್ಣಾಜಿ ಬಲ್ಲಾಳ ದೇವಲರು ಇಪ್ಪತ್ತೆರಡು ಶ್ರುತಿಗಳನ್ನು ಅಳೆದು 1910ರಲ್ಲಿ ಗ್ರಂಥ ಪ್ರಕಟಿಸಿದರು. ಅವರೊಡನೆ ದುಡಿದ ಕ್ಲೆಮೆಂಟ್ಸ್ ಎಂಬ ಆಂಗ್ಲ ಅಧಿಕಾರಿ ಆ ಶ್ರುತಿಗಳನ್ನು ನುಡಿಯುವ ಹಾರ್ಮೋನಿಯಮ್ಮನ್ನೇ ಮಾಡಿಸಿದರು. ಇದೇ ಗಿಟಾರನ್ನು ಬ್ರಿಜಭೂಷಣ ಕಾಬ್ರಾ ಅವರು ತೊಡೆಯ ಮೇಲಿಟ್ಟು ರಾಗ ನುಡಿಸಿದರು. ವಿಶ್ವಮೋಹನ ಭಟ್ಟರು ಅದಕ್ಕೆ ಚಿಕಾರಿ, ತರಬಿನ ತಂತಿಗಳನ್ನು ಕೂಡಿಸಿ ಮೋಹನವೀಣೆ ಎಂದು ಹೆಸರಿಟ್ಟರು. 1994ರಲ್ಲಿ ಆ ವೀಣೆಯ ನಾದಕ್ಕೆ ಗ್ರ್ಯಾಮಿ ಪ್ರಶಸ್ತಿ ಸಂದಿತು. ತಂಬೂರಿಯ ಕುದುರೆಯ ಮೇಲೆ ನಾದಕ್ಕೆ ಜೀವ ತುಂಬುವ ಸಂಸ್ಕಾರಕ್ಕೆ ಜವಾರಿ ಎನ್ನುತ್ತಾರೆ. ನಮ್ಮ ಸೀಮೆಯಲ್ಲಿ ಜವಾರಿ ಎಂದರೆ ಈ ನೆಲದ್ದು ಎಂದೂ ಅರ್ಥ. ಹೊರಗಿನಿಂದ ಬಂದುದಕ್ಕೆ ಜವಾರಿ ತೆಗೆಯುವುದೆಂದರೆ ಎರಡೂ ಅರ್ಥದಲ್ಲಿ ಸರಿಯೇ.

ಈಗ ಕಪಾಟಿನ ಮಾತಿಗೆ ಬರುತ್ತೇನೆ. ನಮ್ಮ ಶಾಲೆಯ ಸಂಗೀತ ಕೊಠಡಿಯ ಕಪಾಟಿನಲ್ಲಿ ತಿದಿ ಹರಿದ ಎರಡು ಹಾರ್ಮೋನಿಯಂ, ಬುರುಡೆ ಸೀಳಿದ ಒಂದು ತಂಬೂರಿ, ಚರ್ಮ ಸಡಿಲಿದ ತಬಲಾ ಜೋಡಿಗಳು ಇವೆ. ಒಂದೊಂದರ ಮೇಲೂ ಕೊಟ್ಟ ಮಹನೀಯರ ಹೆಸರು ಬಣ್ಣದಲ್ಲಿ ಬರೆದಿದೆ. ಹೆಸರು ಅಳಿಸಿಲ್ಲ, ನಾದ ಅಳಿಸಿದೆ. ದಾನಿಗಳನ್ನು ನಾನು ದೂರುತ್ತಿಲ್ಲ. ಅವರ ಔದಾರ್ಯದಿಂದಲೇ ನಾವೆಲ್ಲ ಇಲ್ಲಿ ನಿಂತಿದ್ದೇವೆ. ತಪ್ಪು ನಮ್ಮದೂ ಹೌದು: ಕೆಟ್ಟಾಗ ಹೊಸದನ್ನು ಬೇಡುವುದನ್ನು ಕಲಿತೆವು, ಇದ್ದುದನ್ನು ನೆಟ್ಟಗೆ ನೋಡುವುದನ್ನು ಕಲಿಯಲಿಲ್ಲ.

ನಮ್ಮ ನಾಡಿನ ಪ್ರಾಚೀನ ದಾನಶಾಸನಗಳನ್ನು ಓದಿದವರಿಗೆ ಒಂದು ನುಡಿಗಟ್ಟು ಚಿರಪರಿಚಿತ. ದೇವರ ಅಂಗಭೋಗ ರಂಗಭೋಗಕ್ಕೆ, ತಪೋಧನರ ಆಹಾರದಾನಕ್ಕೆ ಭೂಮಿ ಬಿಡುವಾಗಲೇ ಅವರು 'ಖಂಡಸ್ಫುಟಿತ ಜೀರ್ಣೋದ್ಧಾರ'ವನ್ನೂ ಹೆಸರಿಸುತ್ತಾರೆ. ಖಂಡವೆಂದರೆ ಮುರಿದದ್ದು, ಸ್ಫುಟಿತವೆಂದರೆ ಬಿರಿದದ್ದು. ಕಟ್ಟಿದ್ದು ಒಂದು ದಿನ ಬಿರಿಯುತ್ತದೆಂದು ತಿಳಿದೇ, ಆ ದಿನಕ್ಕಾಗಿ ಹೊಲವನ್ನು ಬಿಟ್ಟ ವಿವೇಕ ಅವರದು. ಇಂದಿನ ನಮ್ಮ ದಾನಪತ್ರಗಳಲ್ಲಿ ಈ ಒಂದು ಪದ ಕಾಣೆಯಾಗಿದೆ.

ಆದುದರಿಂದ ನನ್ನ ವಿಜ್ಞಾಪನೆ ಇಷ್ಟು. ವಾದ್ಯವನ್ನಾಗಲಿ ಪ್ರಯೋಗಶಾಲೆಯ ಉಪಕರಣವನ್ನಾಗಲಿ ದಾನವಾಗಿ ಕೊಡುವವರು, ಅದರ ಬೆಲೆಯ ಹತ್ತರಲ್ಲೊಂದು ಪಾಲನ್ನು ದುರಸ್ತಿಗೆಂದು ಬೇರೆಯಾಗಿ ಕೊಡಲಿ. ಶಾಲೆ ಒಂದು ಹತಾರ ಪೆಟ್ಟಿಗೆಯನ್ನು ಇಡಲಿ. ವರ್ಷಕ್ಕೆ ಎರಡು ಸಲ ಮಿರಜದ ಕುಶಲಕರ್ಮಿಯೊಬ್ಬರನ್ನು ಗೌರವಧನ ಕೊಟ್ಟು ಕರೆಯಿಸಿ, ಮಕ್ಕಳ ಕಣ್ಣೆದುರಿಗೇ ರಿಪೇರಿ ಮಾಡಿಸಲಿ. ಎಲ್ಲ ಹಳತೂ ಉಳಿಸಲು ತಕ್ಕದ್ದೆಂದು ನಾನು ಹೇಳುತ್ತಿಲ್ಲ. ದಂಡಿ ತಿರುಚಿಕೊಂಡ, ಮರ ಹುಳ ತಿಂದ ವಾದ್ಯಕ್ಕೆ ಹಣ ಸುರಿಯುವುದು ಅವಿವೇಕ. ಆದರೆ ಯಾವುದು ಉಳಿಯುತ್ತದೆ, ಯಾವುದು ಉಳಿಯದು ಎಂಬ ವಿವೇಚನೆ ಬಿಚ್ಚಿ ನೋಡಿದವನಿಗಲ್ಲದೆ ಬಾರದು.

ಈ ಸಲದ ಸ್ನೇಹ ಸಮ್ಮೇಳನದಲ್ಲಿ ಆ ಬಾಲಕ ಪ್ರಾರ್ಥನೆಯ ವಚನಕ್ಕೆ ತನ್ನ ಗಿಟಾರು ನುಡಿಸಿದ. ಒಂದೆರಡು ಕಡೆ ಸ್ವರ ಜಾರಿತು. ಸಭೆಯ ಹಿಂದಿನ ಸಾಲಿನಲ್ಲಿ ದ್ರಾಕ್ಷಿ ತೋಟದಿಂದ ನೇರವಾಗಿ ಬಂದಿದ್ದ ಅವನ ತಂದೆ ಕುಳಿತಿರಲಾರದೆ ನಿಂತೇ ಕೇಳಿದರು. ಮರುದಿನ ಹುಡುಗ ಮತ್ತೆ ನನ್ನ ಕೊಠಡಿಗೆ ಬಂದು, ತಿದಿ ಹರಿದ ಹಾರ್ಮೋನಿಯಂ ಒಂದನ್ನು ಬಿಚ್ಚಿ ನೋಡಲು ಅಪ್ಪಣೆ ಕೇಳಿದ. ಕಪಾಟಿನ ಕೀಲಿಕೈಯನ್ನು ನಾನು ಅವನ ಕೈಗೆ ಕೊಟ್ಟಿದ್ದೇನೆ. ತಿದಿಗೆ ಬೇಕಾದ ಚರ್ಮದ ಖರ್ಚನ್ನು ಕೊಡುವವರು ಈ ಸಂಚಿಕೆಯ ವಾಚಕರಲ್ಲಿಯೇ ಇದ್ದಾರೆಂದು ನಂಬಿ ವಿರಮಿಸುತ್ತೇನೆ.