ನಮ್ಮೂರಿನ ಪ್ರಶ್ನೆ ವಿಮಾನ ಹತ್ತಬಾರದಂತೆ



ಮಡಿಕೇರಿಯಲ್ಲಿ ವಿದೇಶಾಂಗ ಸೇವೆ ಅಂದ್ರೆ ಥಟ್ ಅಂತ ಬರೋ ಹೆಸರು ಸಿ.ಬಿ. ಮುತ್ತಮ್ಮ. ವಿರಾಜಪೇಟೆಯಲ್ಲಿ ಹುಟ್ಟಿ 1949ರಲ್ಲಿ ಐಎಫ್‌ಎಸ್ ಸೇರಿದ ಮೊದಲ ಹೆಣ್ಣುಮಗಳು, ಬಡ್ತಿಗಾಗಿ ಸುಪ್ರೀಂ ಕೋರ್ಟಿಗೇ ಹೋದವರು. ಹೆಮ್ಮೆ ಇದೆ. ಆದ್ರೆ ಅದೇ 1949ರಲ್ಲಿ ಅದೇ ಸೇವೆಗೆ ಬಂದ ನಮ್ಮ ಕೆ.ಆರ್. ನಾರಾಯಣನ್ ಅವರನ್ನೂ ನೆನೆಯೋಣ. ಟಾಟಾ ಸ್ಕಾಲರ್‌ಶಿಪ್ ಸಿಕ್ಕಿದ್ದಕ್ಕೇ ಅವರು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಮೆಟ್ಟಿಲು ಹತ್ತಿದ್ದು. ನಮ್ಮ ಮಕ್ಕಳಿಗೆ ಆ ದಾರಿ ತೆರೆಯೋದು ಸ್ಕಾಲರ್‌ಶಿಪ್ಪೇ, ಅಪ್ಪನ ತೋಟ ಅಲ್ಲ.

ಕಾಫಿ ತೋಟದ ಲೈನ್ ಮನೆಯಲ್ಲಿ ಬೆಳೆದ ಹುಡುಗಿಯೊಬ್ಬಳು ರಾಜ್ಯಶಾಸ್ತ್ರ ಎಂ.ಎ. ಓದ್ತಿದ್ದಾಳೆ. ಹೊರದೇಶದಲ್ಲಿ ಪಿಎಚ್.ಡಿ. ಮಾಡಿ, ವಿಶ್ವಸಂಸ್ಥೆಯಂಥ ಕಡೆ ಪ್ರಜಾಪ್ರಭುತ್ವದ ಕೆಲಸ ಮಾಡೋ ಆಸೆ. ಅವಳ ಪ್ರಶ್ನೆ ಇಷ್ಟೇ: ಮೀಸಲು ಸೀಟಲ್ಲಿ ಗೆದ್ದ ದಲಿತ ಹೆಂಗಸಿಗೆ ಗ್ರಾಮ ಪಂಚಾಯ್ತಿಯಲ್ಲಿ ಮಾತಾಡೋಕೆ ಯಾಕೆ ಬಿಡಲ್ಲ?

ಆಫೀಸ್ ಮುಗಿಸಿ ಬಂದು ಅವಳ ಜೊತೆ ಕೂತು ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ನಿಯಮ ಓದಿದೆ. ಮುಖ್ಯವಾಗಿ ಪರಿಶಿಷ್ಟರಿಗೆ ಅಂತ ಇರೋ ಯೋಜನೆ. ಅದಕ್ಕೆ 2022ರಲ್ಲಿ ಒಂದು ಸಾಲು ಸೇರಿಸಿದ್ರು: ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಭಾರತದ ಸಮಾಜದ ಮೇಲಿನ ಸಂಶೋಧನೆಗೆ ಹಣ ಇಲ್ಲ. ಯಾಕಂದ್ರೆ ಅದನ್ನ ಓದೋಕೆ ದೇಶದಲ್ಲೇ ಅನುಕೂಲ ಇದೆಯಂತೆ!

ಅಂದ್ರೆ ಬ್ರೆಜಿಲ್‌ನ ನಗರಸಭೆ ಬಗ್ಗೆ ಬರೆದ್ರೆ ದುಡ್ಡು, ಸುಂಟಿಕೊಪ್ಪದ ಪಂಚಾಯ್ತಿ ಬಗ್ಗೆ ಬರೆದ್ರೆ ಇಲ್ಲ. ಬಾಬಾಸಾಹೇಬರು ಬರೋಡ ಮಹಾರಾಜರ ನೆರವಿನಿಂದ ಕೊಲಂಬಿಯಾಕ್ಕೆ ಹೋಗಿ 1916ರಲ್ಲಿ ಮಂಡಿಸಿದ ಪ್ರಬಂಧ ಭಾರತದ ಜಾತಿಗಳ ಬಗ್ಗೆ. ಇವತ್ತಾಗಿದ್ರೆ ಅವರ ಅರ್ಜಿಯೂ ವಾಪಸ್!

ಇದು ಹೊಸ ಚಾಳಿ ಏನಲ್ಲ. 2001ರಲ್ಲಿ ಡರ್ಬನ್‌ನ ವಿಶ್ವಸಂಸ್ಥೆ ಸಮ್ಮೇಳನದಲ್ಲಿ ನಮ್ಮವರು ಜಾತಿ ಪ್ರಶ್ನೆ ಎತ್ತಿದಾಗ ಅಡ್ಡ ನಿಂತಿದ್ದು ನಮ್ಮದೇ ಸರ್ಕಾರ. ಅಲ್ಲಿ ಮಾತಾಡಬೇಡಿ ಅಂದ್ರು, ಈಗ ಅಲ್ಲಿ ಓದಲೂಬೇಡಿ ಅಂತಾರೆ. ಸ್ವಂತ ದುಡ್ಡಿರೋರ ಮಕ್ಕಳು ಮಾತ್ರ ನಮ್ಮ ಕೇರಿ ಬಗ್ಗೆ ಅಲ್ಲಿ ಪುಸ್ತಕ ಬರೀಬಹುದು, ಯಾರೂ ತಡೆಯಲ್ಲ.

ಇನ್ನು ದುಡ್ಡಿನ ಕಥೆ. 2025ರಲ್ಲಿ ಆಯ್ಕೆಯಾದವರು 106 ಜನ, ಮೊದಲಿಗೆ ಪತ್ರ ಸಿಕ್ಕಿದ್ದು 40 ಜನಕ್ಕೆ. ಉಳಿದವರಿಗೆ ಅನುದಾನ ಬಂದ್ರೆ ನೋಡೋಣ ಅಂದ್ರು.

‘ಬೇರೆ ವಿಷಯ ತಗೊಳಮ್ಮ’ ಅಂತ ಅವಳಿಗೆ ಬುದ್ಧಿ ಹೇಳೋರು ಸುಮಾರು ಜನ. ನಾನು ಹೇಳಲ್ಲ. ಆ ಸಾಲು ತೆಗೀರಿ ಅಂತ ಸಾಮಾಜಿಕ ನ್ಯಾಯ ಸಚಿವಾಲಯಕ್ಕೆ ಮನವಿ ಬರೆದಿದ್ದೀನಿ. ಭಾನುವಾರ ಬೆಳಗ್ಗೆ 10ಕ್ಕೆ ಗಾಂಧಿ ಮೈದಾನದ ಹತ್ರ ಇರ್ತೀನಿ, ಸಹಿ ಹಾಕೋಕೆ ಬನ್ನಿ. ಮಳೆ ಬಂದ್ರೆ ಕೊಡೆ ತನ್ನಿ.