ಒಂದೇ ಕಾಲು ಬಾತರೆ

ಎರಡೂ ಕಾಲು ಬಾತರೆ ನಮ್ಮ ಕಡೆಯ ಜನ ಆಸ್ಪತ್ರೆಗೆ ಹೋಗುತ್ತಾರೆ. ಒಂದೇ ಕಾಲು ಬಾತರೆ ಎಣ್ಣೆ ಕಾಯಿಸುತ್ತಾರೆ. ‘ನರ ಹಿಡದೈತಿ, ತಿಕ್ಕಿದರ ಇಳಿತೈತಿ’ ಎಂಬ ಮಾತು ಗದಗ ಜಿಲ್ಲೆಯ ಬೆಳ್ಳಟ್ಟಿಯಿಂದ ಮುಂಡರಗಿಯವರೆಗೆ ಯಾವ ಕಟ್ಟೆಯಲ್ಲಾದರೂ ಕೇಳಸಿಗುತ್ತದೆ. ಸಿರೆ, ಧಮನಿ, ಸ್ನಾಯುವಿನ ಹುರಿ ಎಲ್ಲಕ್ಕೂ ನಮ್ಮ ಆಡುಮಾತಿನಲ್ಲಿ ‘ನರ’ ಒಂದೇ ಪದ. ಈ ಜಿಪುಣತನಕ್ಕೆ ಒಮ್ಮೊಮ್ಮೆ ಜೀವವೇ ಬೆಲೆಯಾಗುತ್ತದೆ. ಮೀನಖಂಡದ ಆಳದ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ, ಅದರ ತುಂಡು ಕಳಚಿ ಹೃದಯದ ಬಲಭಾಗವನ್ನು ದಾಟಿ ಶ್ವಾಸಕೋಶದ ರಕ್ತನಾಳದಲ್ಲಿ ಸಿಕ್ಕಿಕೊಳ್ಳಬಹುದು. ತುಂಡು ದೊಡ್ಡದಾದರೆ ಮನುಷ್ಯ ನಿಂತಲ್ಲೇ ಕುಸಿಯುತ್ತಾನೆ. ಊರು ಅದನ್ನು ‘ಹಾರ್ಟ್ ಅಟ್ಯಾಕ್’ ಎಂದು ಲೆಕ್ಕಕ್ಕೆ ಹಾಕಿಕೊಳ್ಳುತ್ತದೆ. 2025ರಲ್ಲಿ ಹಾಸನದ ಹಠಾತ್ ಸಾವುಗಳು ಸುದ್ದಿಯಾದ ಮೇಲೆ, ಆಸ್ಪತ್ರೆಯ ಹೊರಗಿನ ಇಂಥ ಸಾವುಗಳಿಗೆ ಮರಣೋತ್ತರ ಪರೀಕ್ಷೆ ಮಾಡಿಸುವುದಾಗಿ ರಾಜ್ಯ ಸರ್ಕಾರ ಹೇಳಿತು. ತೆರೆದು ನೋಡಿದರೆ ಎಲ್ಲವೂ ಹೃದಯದ್ದೇ ತಪ್ಪಾಗಿರುವುದಿಲ್ಲ.

ಕಾಲಿನ ಈ ಹೆಪ್ಪನ್ನು ಮೊದಲೇ ಸಂಶಯಿಸಲು ನೆರವಾಗುವ ರಕ್ತಪರೀಕ್ಷೆಯ ಹೆಸರು ನಮ್ಮ ಹಳ್ಳಿಗಳಿಗೂ ಗೊತ್ತು: ಡಿ-ಡೈಮರ್. 2021ರ ಕೋವಿಡ್ ಅಲೆಯಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದ ರಿಪೋರ್ಟುಗಳಲ್ಲಿ ಈ ಸಾಲು ಇರುತ್ತಿತ್ತು. 2024ರ ಏಪ್ರಿಲ್ ಕೊನೆಯಲ್ಲಿ ಕೋವಿಡ್ ಲಸಿಕೆಯ ಅಡ್ಡಪರಿಣಾಮದ ಸುದ್ದಿ ಇಂಗ್ಲೆಂಡಿನಿಂದ ಬಂದಾಗ, ಏನೂ ತೊಂದರೆಯಿಲ್ಲದವರೂ ಈ ಪರೀಕ್ಷೆ ಮಾಡಿಸಲು ಮುಂದಾದರು. ಹೆಸರು ಹಬ್ಬಿದಷ್ಟು ಅರ್ಥ ಹಬ್ಬಲಿಲ್ಲ. ನಮ್ಮ ಆತಂಕ ಇರುವುದು ಇಲ್ಲಿಯೇ.

ರಕ್ತ ಹೆಪ್ಪುಗಟ್ಟುವಾಗ ಫೈಬ್ರಿನ್ ಎಂಬ ಎಳೆಗಳ ಬಲೆ ಹೆಣೆದುಕೊಳ್ಳುತ್ತದೆ. ದೇಹ ಆ ಬಲೆಯನ್ನು ಕರಗಿಸಲು ತೊಡಗಿದಾಗ ಉದುರುವ ಚೂರೇ ಡಿ-ಡೈಮರ್. ಇದು ಕಣದಲ್ಲಿ ಬಿದ್ದ ಹೊಟ್ಟಿನ ಹಾಗೆ. ಹೊಟ್ಟೇ ಕಾಣದಿದ್ದರೆ ಅಲ್ಲಿ ರಾಶಿ ನಡೆದಿಲ್ಲವೆಂದು ಹೆಚ್ಚುಕಡಿಮೆ ನಂಬಬಹುದು. ಹೊಟ್ಟು ಕಂಡರೆ ರಾಶಿ ಆಗಿದೆ ಎನ್ನಬಹುದು, ಯಾರ ಹೊಲದ್ದು ಎನ್ನಲಾಗದು. ಸೋಂಕು, ಗಾಯ, ಶಸ್ತ್ರಚಿಕಿತ್ಸೆ, ಕ್ಯಾನ್ಸರ್, ಬಸಿರು, ಬಾಣಂತನ, ಹಾವಿನ ವಿಷ, ಬರೀ ಮುಪ್ಪು, ಇವುಗಳಲ್ಲಿ ಯಾವುದಿದ್ದರೂ ಅಂಕಿ ಏರಬಹುದು. ಅಂದರೆ ಇದು ‘ಇಲ್ಲ’ ಎನ್ನಲು ಬಲವಾದ ಪರೀಕ್ಷೆ, ‘ಹೌದು’ ಎನ್ನಲು ದುರ್ಬಲ.

ಆ ‘ಇಲ್ಲ’ಕ್ಕೂ ಷರತ್ತುಗಳಿವೆ. ಕೆನಡಾದ ವೈದ್ಯ ಫಿಲಿಪ್ ವೆಲ್ಸ್ ಮತ್ತು ಸಂಗಡಿಗರು 1,096 ರೋಗಿಗಳ ಮೇಲೆ ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವೈದ್ಯರು ಮೊದಲು ಕಾಲು ನೋಡಿ ಅಂಕ ಹಾಕಿದರು. ಪ್ಲಾಸ್ಟರ್ ಇದೆಯೇ, ಹಾಸಿಗೆ ಹಿಡಿದಿದ್ದರೇ, ಕ್ಯಾನ್ಸರ್ ಇದೆಯೇ, ಒಂದು ಮೀನಖಂಡ ಇನ್ನೊಂದಕ್ಕಿಂತ 3 ಸೆಂಟಿಮೀಟರಿನಷ್ಟಾದರೂ ಹೆಚ್ಚು ಬಾತಿದೆಯೇ ಎಂಬಂಥ ಪ್ರಶ್ನೆಗಳವು. ಸಾಧ್ಯತೆ ಕಡಿಮೆ ಎಂದು ಕಂಡವರಲ್ಲಿ ಡಿ-ಡೈಮರ್ ಕೂಡ ಕಡಿಮೆ ಬಂದರೆ ಮಾತ್ರ ಕಾಲಿನ ಅಲ್ಟ್ರಾಸೌಂಡ್ ಸ್ಕ್ಯಾನ್ ಬಿಡಬಹುದೆಂದು ಕಂಡುಬಂತು. ಸಾಧ್ಯತೆ ಹೆಚ್ಚಿರುವವರಿಗೆ ರಿಪೋರ್ಟ್ ‘ನಾರ್ಮಲ್’ ಬಂದರೂ ಕಾಲಿನ ಸ್ಕ್ಯಾನ್ ತಪ್ಪಿಸುವಂತಿಲ್ಲ. ಬಾವು ಬಂದು ವಾರಗಳೇ ಕಳೆದಿದ್ದರೆ ಅಥವಾ ರಕ್ತ ತೆಳುವಾಗಿಸುವ ಔಷಧ ಆಗಲೇ ಶುರುವಾಗಿದ್ದರೆ ಅಂಕಿ ಸುಳ್ಳೇ ತಗ್ಗಿರಬಹುದು.

ರಿಪೋರ್ಟ್ ಓದುವುದೂ ಒಂದು ಪೇಚು. ಒಂದು ಲ್ಯಾಬ್ ಮಿತಿಯನ್ನು 500 ಎಂದು ಬರೆದರೆ ಇನ್ನೊಂದು 0.5 ಎಂದು ಬರೆಯುತ್ತದೆ. ಅಳತೆಯ ಘಟಕ ಬೇರೆ, ವಿಷಯ ಒಂದೇ. 250 ಎಂದು ಬರೆಯುವ ಲ್ಯಾಬ್‌ಗಳೂ ಇವೆ. ಐವತ್ತು ದಾಟಿದವರಿಗೆ ವಯಸ್ಸನ್ನು ಹತ್ತರಿಂದ ಗುಣಿಸಿ ಮಿತಿ ಹಿಡಿಯುವ ರೂಢಿ ಈಗ ಬಂದಿದೆ: 500ರ ಅಳತೆಯಲ್ಲಿ ಎಪ್ಪತ್ತರ ಅಜ್ಜನಿಗೆ 700. ಇದನ್ನು ತಿಳಿಯದೆ ಕೆಂಪಕ್ಷರದ 620 ನೋಡಿ ಹುಬ್ಬಳ್ಳಿಗೆ ಗಾಡಿ ಮಾಡಿಸಿಕೊಂಡು ಹೋಗುವ ಕುಟುಂಬಕ್ಕೆ ಖರ್ಚು ದಂಡ.

ಸ್ಕ್ಯಾನ್ ಯಂತ್ರ ಹಳ್ಳಿಗೆ ಸುಲಭವಾಗಿ ಬರುವುದಿಲ್ಲ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಡಿ ಅಲ್ಟ್ರಾಸೌಂಡ್ ಯಂತ್ರಕ್ಕೆ ನೋಂದಣಿ ಬೇಕು, ಹೊತ್ತು ತಿರುಗಲು ನಿರ್ಬಂಧವಿದೆ. ಕಾಯ್ದೆ ಬೇಕೇ ಬೇಕು, ಆ ಬಗ್ಗೆ ತಕರಾರಿಲ್ಲ. ಆದರೆ ಕಾಲು ನೋಡುವುದೂ ಅದೇ ಯಂತ್ರ. ಹೀಗಿರುವಾಗ ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿಯ ಸರ್ಕಾರಿ ಆಸ್ಪತ್ರೆಗಳಲ್ಲಿ ಡಿ-ಡೈಮರ್ ಹಗಲೂ ರಾತ್ರಿ ಸಿಗಬೇಕು. ಗದುಗಿನ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಕಾಲಿನ ಸ್ಕ್ಯಾನ್ 24 ಗಂಟೆಯೊಳಗೆ ಆಗುವಂತಿರಬೇಕು. ಸ್ಕ್ಯಾನ್ ತಡವಾದರೆ, ರಕ್ತಸ್ರಾವದ ಭಯವಿಲ್ಲದ ರೋಗಿಗೆ ರಕ್ತ ತೆಳುವಾಗಿಸುವ ಹೆಪಾರಿನ್ ಜಾತಿಯ ಮೊದಲ ಚುಚ್ಚುಮದ್ದು ತಾಲ್ಲೂಕಿನಲ್ಲೇ ಬೀಳಬೇಕು. ರಕ್ತದ ಮಾದರಿ ಅದಕ್ಕೂ ಮೊದಲು.

ನಮ್ಮನ್ನು ಹೆಚ್ಚು ಕಾಡುವುದು ಬಾಣಂತಿಯರ ಗತಿ. ಹೆರಿಗೆಯ ನಂತರದ ಆರು ವಾರ ಹೆಪ್ಪಿನ ಅಪಾಯ ತೀರಾ ಹೆಚ್ಚು. ಬಾಣಂತಿಗೆ ನೀರು ಕೊಡಬಾರದು, ಕೋಣೆ ಬಿಟ್ಟು ಏಳಬಾರದು ಎಂಬ ಹಳೆಯ ಕಟ್ಟುಪಾಡು ಅದಕ್ಕೆ ಇನ್ನಷ್ಟು ತುಪ್ಪ ಸುರಿಯುತ್ತದೆ. ಬಾಣಂತಿಯರ ಮಿದುಳಿನ ಸಿರೆಯಲ್ಲೇ ರಕ್ತ ಹೆಪ್ಪುಗಟ್ಟುವುದನ್ನು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಡಿ. ನಾಗರಾಜ ಮತ್ತು ಸಂಗಡಿಗರು ದಶಕಗಳ ಕಾಲ ದಾಖಲಿಸಿದ್ದಾರೆ. ತಲೆಸಿಡಿತ, ಸೆಳವು ಕಾಣಿಸಿಕೊಂಡ ಇಂಥವರನ್ನು ‘ಗಾಳಿ ಸೋಕಿದೆ’ ಎಂದು ಗುಡಿಗೆ ಕರೆದೊಯ್ದರೆ ಹೊತ್ತು ಮೀರುತ್ತದೆ. ಇವರಲ್ಲಿ ಡಿ-ಡೈಮರ್ ಹೇಗೂ ಏರಿರುತ್ತದೆ. ಅದಕ್ಕಾಗಿ ಕಾಯದೆ ನೇರ ಸ್ಕ್ಯಾನಿಗೆ ಕಳಿಸಬೇಕು.

ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಹೋಗಿ ಕೂಸಿನ ತೂಕ ನೋಡುತ್ತಾಳೆ. ಅದೇ ಆರು ವಾರ. ಆಕೆಯ ಚೀಲದಲ್ಲಿ ದರ್ಜಿಯ ಟೇಪೊಂದು ಇರಲಿ, ತಾಯಿಯ ಎರಡೂ ಮೀನಖಂಡದ ಸುತ್ತಳತೆಗೆ ಅದೇ ಹಾಳೆಯಲ್ಲಿ ಎರಡು ಖಾನೆ ಇರಲಿ.